ವೆಸ್ಟ್ರಿ ಕಪಾಟಿನ ಬೀಗದ ಕೈ

2004ರ ಜುಲೈ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಲೈನ್‌ಮನ್ ಸೀಲಣ್ಣ ಚರ್ಚಿನ ವೆಸ್ಟ್ರಿಗೆ, ಅಂದರೆ ಆರಾಧನೆಯ ಸಾಮಾನು ಇಡುವ ಪಕ್ಕದ ಕೋಣೆಗೆ, ಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡ. ಆರು ವರ್ಷಗಳಿಂದ ಪ್ರತಿ ತಿಂಗಳೂ ಇದೇ ಕೆಲಸಕ್ಕೆ ಇದೇ ಕೋಣೆಗೆ ಬರುತ್ತಿದ್ದವನು ಅವನು. ಚಿಲಕ ಹಾಕಿಕೊಳ್ಳುವುದು ಮಾತ್ರ ಹೋದ ತಿಂಗಳಷ್ಟೇ ಶುರುವಾಗಿತ್ತು.

ಕೆಲಸ ದೊಡ್ಡದೇನಲ್ಲ. ಮರುದಿನ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ. ಅದಕ್ಕೆ ಬೇಕಾದ ದ್ರಾಕ್ಷಾರಸವನ್ನು ನಿವೃತ್ತ ಟೀಚರು ಎಸ್ತೇರ್ ಬಾಯಿ ವರ್ಷಕ್ಕೊಮ್ಮೆ ತಮ್ಮ ಮನೆಯ ಭರಣಿಯಲ್ಲಿ ಹಾಕಿ, ಹುದುಗಿ ಹದ ಬಂದ ಮೇಲೆ ಬಾಟ್ಲಿಗಳಿಗೆ ತುಂಬಿಸಿ ಕೊಡುತ್ತಿದ್ದರು. ಬಾಟ್ಲಿಯ ತಳದಲ್ಲಿ ಮಡ್ಡಿ ನಿಲ್ಲುತ್ತದೆ. ಶನಿವಾರವೇ ಅದನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಜಗ್ಗಿನಲ್ಲಿ ಮುಚ್ಚಿಡಬೇಕು, ಅರವತ್ತು ಪುಟ್ಟ ಗ್ಲಾಸುಗಳನ್ನು ತೊಳೆದು ಟ್ರೇಯಲ್ಲಿ ಜೋಡಿಸಬೇಕು. ಆ ಬಾಟ್ಲಿಗಳಿದ್ದ ಕಪಾಟಿನ ಬೀಗದ ಕೈ ಇಡೀ ಸಭೆಯಲ್ಲಿ ಒಬ್ಬನ ಹತ್ತಿರ ಮಾತ್ರ ಇತ್ತು. ಅವನೇ ಸೀಲಣ್ಣ. ಹನ್ನೆರಡು ವರ್ಷ ಹಿಂದೆ ಕಂಠಪೂರ್ತಿ ಕುಡಿದು ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಚರಂಡಿಯ ಪಕ್ಕದಲ್ಲಿ ಮಲಗುತ್ತಿದ್ದ ಅದೇ ಸೀಲಣ್ಣ.

ಕುಡುಕನ ಕೈಗೆ ಕಪಾಟಿನ ಕೀ ಕೊಟ್ಟದ್ದು ಯಾರ ಬುದ್ಧಿ ಎಂದು ಹೊರಗಿನವರು ಕೇಳಿಯಾರು. ಇಡೀ ಸಭೆಯ ಬುದ್ಧಿ ಅದು, ಮತ್ತು ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು. ಒಳ್ಳೆಯವರು ಸೇರಿ ಮಾಡುವ ತಪ್ಪನ್ನು ತಪ್ಪು ಎಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಸೀಲಣ್ಣನಿಗೆ ಕರೆಂಟು ಇಲಾಖೆಯಲ್ಲಿ ಕೆಲಸ ಸಿಕ್ಕಿದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ಕುಡಿತ ಅದಕ್ಕೂ ಮೊದಲೇ ಸಿಕ್ಕಿತ್ತು. ಬಂಟ್ವಾಳ ಕಡೆಯಲ್ಲಿ ಕೆಲಸ, ಮೂಡುಬಿದಿರೆಯಲ್ಲಿ ಮನೆ. ಬಸ್ಸಿಳಿದರೆ ಎದುರಿಗೇ ಸಾರಾಯಿ ಗಡಂಗು. ಹೆಂಡತಿ ಸುಗಂಧಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಳು. ಕುಡಿತ ಬಿಡುತ್ತೇನೆಂದು ಅವನು ಅವಳ ತಲೆ ಮುಟ್ಟಿ ಆಣೆ ಮಾಡಿದ್ದು ಒಂಬತ್ತು ಸಲ. ಒಂಬತ್ತನೆಯದು ಮೂರು ದಿನ ನಡೆದಿತ್ತು. ಅದೇ ದಾಖಲೆ.

1992ರ ಜೂನ್ ತಿಂಗಳಲ್ಲಿ ಸಿದ್ಧಕಟ್ಟೆ ಹತ್ತಿರ ಒಂದು ತಂತಿ ಕಡಿದು ಬಿತ್ತು. ಸರಿಮಾಡಲು ಹೋದವರು ಇಬ್ಬರು, ಸೀಲಣ್ಣ ಮತ್ತು ಅವನ ಜೊತೆಗಾರ ಮುಂಡಪ್ಪ. ಲೈನಿನ ಸ್ವಿಚ್ಚು ಒಂದು ಕಂಬದ ಮೇಲಿರುತ್ತದೆ, ಅದರ ಹ್ಯಾಂಡಲ್ಲು ಕಂಬದ ಬುಡದಲ್ಲಿ. ಒಬ್ಬ ಅದನ್ನು ಕೆಳಗೆ ಎಳೆದು ಕರೆಂಟು ತೆಗೆದು “ಆಯ್ತು” ಎಂದು ಕೂಗಬೇಕು. ಆ ಕೂಗು ಕೇಳಿದ ಮೇಲೆಯೇ ಇನ್ನೊಬ್ಬ, ನಾಲ್ಕು ಕಂಬ ಆಚೆ, ಮೇಲೆ ಹತ್ತಿ ತಂತಿಗೆ ಕೈ ಹಾಕಬೇಕು. ಅಂದು ಹ್ಯಾಂಡಲ್ಲಿನ ಹತ್ತಿರ ಇದ್ದವನು ಸೀಲಣ್ಣ. ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದ. ಹ್ಯಾಂಡಲ್ಲು ಎಳೆಯಬೇಕು ಎಂದುಕೊಂಡ, ಎಳೆದೆ ಎಂದುಕೊಂಡ, “ಆಯ್ತು” ಎಂದು ಕೂಗಿಬಿಟ್ಟ.

ಮುಂಡಪ್ಪ ಗದ್ದೆಯ ಕೆಸರಿಗೆ ಬಿದ್ದದ್ದರಿಂದ ಉಳಿದ. ಎಡಗೈಯ ಎರಡು ಬೆರಳು ಹೋದವು. ಆಸ್ಪತ್ರೆಗೆ ವಿಚಾರಣೆಗೆ ಬಂದ ಸಾಹೇಬರಿಗೆ ಅವನು, “ಯಾವುದೋ ಕಡೆಯಿಂದ ವಾಪಸ್ ಕರೆಂಟು ಬಂತು ಸರ್, ಸೀಲನದ್ದು ತಪ್ಪಿಲ್ಲ” ಎಂದು ಹೇಳಿಕೆ ಕೊಟ್ಟ. ಮಂಚದ ಕಾಲ ಬಳಿ ನಿಂತಿದ್ದ ಸೀಲಣ್ಣ ಆ ಮಾತು ಕೇಳಿ ಹೊರಗೆ ಹೋಗಿ ವಾಂತಿ ಮಾಡಿಕೊಂಡ. ಅಂದು ಅವನು ಕುಡಿದಿರಲಿಲ್ಲ.

ಮರುವಾರ ಅವನು ಸಭಾಪಾಲಕರ ಮನೆಗೆ ಹೋದ. ಆಗ ಇದ್ದವರು ಮುದಿ ಅಯ್ಯನವರು, ಮಾತು ಕಡಿಮೆ. ಹತ್ತನೇ ಆಣೆಗೆ ಸಾಕ್ಷಿಯಾಗಬೇಕೆಂದು ಸೀಲಣ್ಣ ಅವರನ್ನು ಕೇಳಿಕೊಂಡ. ಅಯ್ಯನವರು ಆಗುವುದಿಲ್ಲ ಎಂದರು.

“ಆಣೆ ಸಾಕು ಸೀಲ. ಒಂಬತ್ತು ಆಣೆ ಮಾಡಿದವನು ನೀನು, ಹತ್ತನೆಯದನ್ನು ಮುರಿಯುವವನೂ ನೀನೇ. ನನ್ನ ಕೈಯಲ್ಲಿ ಆಗುದಿಲ್ಲ ಅಂತ ಕ್ರಿಸ್ತನಿಗೆ ಹೇಳು. ಇವತ್ತಿನ ಮಟ್ಟಿಗೆ ಹಿಡಿದುಕೋ ಅಂತ ಕೇಳು. ನಾಳೆಯದ್ದು ನಾಳೆ ಕೇಳು.”

“ಅಷ್ಟೇಯಾ?”

“ಅಷ್ಟೇ. ಆದರೆ ದಿನಾ ಕೇಳ್ಬೇಕು.”

ಅವನು ದಿನವೂ ಕೇಳಿದ. ಬೆಳಿಗ್ಗೆ ಚಾಪೆ ಮಡಚುವ ಮೊದಲು ಮೊಣಕಾಲೂರಿ, “ಯೇಸುವೇ, ನನ್ನ ಕೈಯಲ್ಲಿ ಆಗುದಿಲ್ಲ, ಇವತ್ತು ನೀನೇ ಹಿಡಿದುಕೋ” ಎನ್ನುತ್ತಿದ್ದ. ಇಷ್ಟೇ ಪ್ರಾರ್ಥನೆ. ಸಂಜೆ ಬಸ್ಸು ಮೂಡುಬಿದಿರೆಯ ತಿರುವಿಗೆ ಬರುವಾಗ ಕೈ ನಡುಗಲು ಶುರುವಾಗುತ್ತಿತ್ತು. ಬಸ್ಸಿಳಿದವನು ಗಡಂಗಿನ ಕಡೆ ನೋಡದೆ ನೇರ ಇದಿನಬ್ಬನ ಗೂಡಂಗಡಿಗೆ ಓಡುತ್ತಿದ್ದ. ಇದಿನಬ್ಬ ಏನೂ ಕೇಳದೆ ಲಿಂಬೆ ಕೊಯ್ದು, ಉಪ್ಪು ಹಾಕಿ, ಸೋಡಾ ಒಡೆದು ಮುಂದಿಡುತ್ತಿದ್ದ. ಗಡಂಗಿಗೆ ಬೆನ್ನು ಹಾಕಿ ನಿಂತು ಸೀಲಣ್ಣ ಅದನ್ನು ಕುಡಿಯುತ್ತಿದ್ದ. ಕೆಲವು ದಿನ ಮೂರು ಸೋಡಾ ಬೇಕಾಗುತ್ತಿತ್ತು. ಒಂದು ದಿನ ನಾಲ್ಕು ಕುಡಿದೂ ಕಾಲು ಆ ಕಡೆಗೇ ಎಳೆದಾಗ ಇದಿನಬ್ಬ ಅಂಗಡಿಯ ಬಾಗಿಲು ಎಳೆದುಕೊಂಡು ಅವನನ್ನು ಮನೆಯವರೆಗೆ ನಡೆಸಿಕೊಂಡು ಹೋದ.

ಹೀಗೆ ಒಂದು ದಿನ ಹೋಯಿತು, ಒಂದು ತಿಂಗಳು ಹೋಯಿತು, ಒಂದು ವರ್ಷ ಹೋಯಿತು. ಸುಗಂಧಿಯ ಮುಖದಲ್ಲಿ ನಗು ಬಂತು, ಮನೆಗೆ ಹಂಚು ಬಂತು. ಮುಂಡಪ್ಪನೂ ಸೀಲಣ್ಣನೂ ಮೂಡುಬಿದಿರೆ ಕಡೆಗೇ ವರ್ಗವಾಗಿ ಬಂದರು. ಮುಂಡಪ್ಪ ಕೆಲಸ ಹಂಚಿಕೊಂಡದ್ದು ಹೀಗೆ: “ಎರಡು ಬೆರಳು ಇಲ್ಲದವನು ಮೇಲೆ ಹತ್ತುದು ಬೇಡ ಮಾರಾಯ. ಹ್ಯಾಂಡಲ್ಲು ನನಗೆ, ಕಂಬ ನಿನಗೆ.” ಸೀಲಣ್ಣ ಒಪ್ಪಿದ. ತಾನು ಮಾಡಿದ ಪಾಪಕ್ಕೆ ಮೇಲೆ ಹತ್ತುವ ಕಷ್ಟ ತನಗೇ ಇರಲಿ ಎಂದುಕೊಂಡ, ಆ ತ್ಯಾಗದ ಬಗ್ಗೆ ಸ್ವಲ್ಪ ಹೆಮ್ಮೆಯನ್ನೂ ಪಟ್ಟ.

ಹೆಮ್ಮೆ ಬರಲು ಶುರುವಾದದ್ದೇ ಆಗ. ಮೊದಲ ವರ್ಷ ತುಂಬಿದಾಗ ಚರ್ಚಿನಲ್ಲಿ ಎದ್ದು ನಿಂತು, ದೇವರು ತನಗೆ ಮಾಡಿದ್ದನ್ನು ಎಲ್ಲರೆದುರು ಸಾಕ್ಷಿಯಾಗಿ ಹೇಳಿದ. ನಡುಗುತ್ತಾ, ತೊದಲುತ್ತಾ ಹೇಳಿದ, ಜನ ಅತ್ತರು. ಎರಡನೇ ವರ್ಷ ಬಂಟ್ವಾಳದ ಒಂದು ಮನೆಕೂಟದ ಪ್ರಾರ್ಥನೆಗೆ ಕರೆದರು. ಮತ್ತೆ ಉಜಿರೆ, ಬೆಳ್ತಂಗಡಿ, ವೇಣೂರು. ನಾಲ್ಕನೇ ವರ್ಷದ ಹೊತ್ತಿಗೆ ತೊದಲು ಹೋಗಿತ್ತು. ಎಲ್ಲಿ ಮಾತು ನಿಲ್ಲಿಸಬೇಕು, ಮುಂಡಪ್ಪನ ಬೆರಳುಗಳನ್ನು ಎಲ್ಲಿ ತರಬೇಕು, ಎಲ್ಲಿ ಕರ್ಚೀಫು ತೆಗೆಯಬೇಕು ಎಂಬುದೆಲ್ಲ ಅವನಿಗೆ ಕರಗತವಾಗಿತ್ತು. ಪಾಪ, ಅವನು ಸುಳ್ಳೇನೂ ಹೇಳುತ್ತಿರಲಿಲ್ಲ. ಆದರೆ ಕ್ರಿಸ್ತನು ಹಿಡಿದುಕೊಂಡ ಎಂದು ಶುರುವಾಗುತ್ತಿದ್ದ ಕಥೆ ಸೀಲಣ್ಣ ಗೆದ್ದ ಎಂದು ಮುಗಿಯುತ್ತಿತ್ತು.

1998ರಲ್ಲಿ ವೆಸ್ಟ್ರಿ ನೋಡಿಕೊಳ್ಳುತ್ತಿದ್ದ ಮುದುಕರು ತೀರಿಕೊಂಡರು. ಸಭೆಯ ಕೂಟದಲ್ಲಿ ಎಸ್ತೇರ್ ಬಾಯಿ ಎದ್ದು ನಿಂತರು. “ಕಪಾಟಿನ ಕೀ ಸೀಲಣ್ಣನ ಹತ್ತಿರ ಇರಲಿ. ದೇವರು ಎಂಥ ಕೆಲಸ ಮಾಡ್ತಾನೆ ಅಂತ ಊರಿನವರೆಲ್ಲ ನೋಡಲಿ” ಎಂದರು. ಎಲ್ಲರೂ ಒಪ್ಪಿ ತಲೆಯಾಡಿಸಿದರು. ಹೆಂಗಸರ ಸಾಲಿನಲ್ಲಿ ಕೂತಿದ್ದ ಸುಗಂಧಿಯೊಬ್ಬಳು ತಲೆಯಾಡಿಸಲಿಲ್ಲ, ಅವಳನ್ನು ಯಾರೂ ಕೇಳಲೂ ಇಲ್ಲ. ಬೇಡ ಎಂಬ ಮಾತು ಸೀಲಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಬೇಡ ಎಂದರೆ, ಅದರ ವಾಸನೆಗೆ ನನಗೆ ಈಗಲೂ ಬಾಯಲ್ಲಿ ನೀರೂರುತ್ತದೆ ಎಂದು ಒಪ್ಪಿಕೊಂಡಂತೆ. ಹಾಗೆ ಒಪ್ಪಿಕೊಂಡರೆ ಆರು ವರ್ಷದ ಸಾಕ್ಷಿಯೆಲ್ಲ ಏನಾಯಿತು? ಅವನು ಕೈ ಚಾಚಿ ಕೀ ತೆಗೆದುಕೊಂಡ.

ಅದಾದ ಮೇಲೆ ಬೆಳಗಿನ ಪ್ರಾರ್ಥನೆಯ ಮಾತುಗಳು ಬದಲಾದವು. ನನ್ನ ಕೈಯಲ್ಲಿ ಆಗುವುದಿಲ್ಲ ಎಂಬ ಮಾತು ಬಿದ್ದುಹೋಗಿ, ಊರಿಗಾಗಿ, ದೇಶಕ್ಕಾಗಿ, ಕುಡುಕರಿಗಾಗಿ ಮಾಡುವ ಉದ್ದುದ್ದ ಬಿನ್ನಹಗಳು ಬಂದವು. ಇದಿನಬ್ಬನ ಅಂಗಡಿಗೆ ಹೋಗುವುದು ನಿಂತಿತು. ಒಮ್ಮೆ ಇದಿನಬ್ಬ ದಾರಿಯಲ್ಲಿ ಸಿಕ್ಕಿ, “ಎಂತ ಸೀಲಣ್ಣ, ಈಗ ಸೋಡಾ ಬೇಡವಾ?” ಎಂದು ಕೇಳಿದ. “ಈಗ ಅದರ ಅಗತ್ಯ ಇಲ್ಲ ಇದಿನಬ್ಬ” ಎಂದು ಸೀಲಣ್ಣ ನಕ್ಕ. ಇದಿನಬ್ಬ ನಗಲಿಲ್ಲ. “ಲಿಂಬೆ ಯಾವಾಗಲೂ ಉಂಟು” ಎಂದಷ್ಟೇ ಹೇಳಿದ.

ಅವನು ಜಾರಿದ್ದು 2004ರ ಮೇ ತಿಂಗಳಲ್ಲಿ. ಅಂದು ದುಃಖವಿರಲಿಲ್ಲ, ಜಗಳವಿರಲಿಲ್ಲ. ಭೋಜನ ಮುಗಿದ ಮೇಲೆ ಉಳಿದ ರಸವನ್ನು ಹಿತ್ತಿಲಿನ ದಾಸವಾಳದ ಬುಡಕ್ಕೆ ಚೆಲ್ಲಬೇಕು, ಅದು ಕ್ರಮ. ಅಂದು ಗ್ಲಾಸು ಕೈಯಲ್ಲಿದ್ದಾಗ ಆ ಕೈ ಹಿತ್ತಿಲಿಗೆ ಹೋಗದೆ ಬಾಯಿಗೆ ಬಂತು. ಒಂದು ಗುಟುಕು. ಜೂನಿನಲ್ಲಿ ನಾಲ್ಕು ಗ್ಲಾಸು, ಚಿಲಕ ಹಾಕಿಕೊಂಡು. ಆಮೇಲಿನ ನಾಲ್ಕು ವಾರವೂ ಅವನ ತಲೆಯಲ್ಲಿ ಇದ್ದದ್ದು ಆ ಕಪಾಟು ಒಂದೇ. ಕೀ ಸೊಂಟದ ಉಡಿದಾರದಲ್ಲಿ ಕಟ್ಟಿಕೊಂಡಿದ್ದ, ಮಲಗಿದರೆ ಒತ್ತುತ್ತಿತ್ತು.

ಈಗ ಜುಲೈ ಬಂದಿತ್ತು. ನಾಳೆ ಹನ್ನೆರಡನೇ ವರ್ಷದ ಸಾಕ್ಷಿ. ಬೆಳ್ತಂಗಡಿಯಿಂದ ಒಂದು ಜೀಪು ತುಂಬ ಜನ ಬರುವವರಿದ್ದರು. ಹೊರಗೆ ಮಳೆ ಹೊಡೆಯುತ್ತಿತ್ತು. ಸೀಲಣ್ಣ ಬಟ್ಟೆ ಕಟ್ಟಿದ ಜಗ್ಗಿಗೆ ಬಾಟ್ಲಿ ಬಗ್ಗಿಸಿದ. ವಾಸನೆ ಕೋಣೆ ತುಂಬಿತು. ಅವನು ಕಪಾಟಿನ ಹಿಂದಿನಿಂದ ಸ್ಟೀಲಿನ ಲೋಟವೊಂದನ್ನು ತೆಗೆದ. ಆ ಲೋಟವನ್ನು ಹೋದ ತಿಂಗಳೇ ಮನೆಯಿಂದ ತಂದು ಇಟ್ಟಿದ್ದ. ಅಂದರೆ ಹೋದ ತಿಂಗಳೇ ಈ ದಿನಕ್ಕೆ ತಯಾರಾಗಿದ್ದ. ಅದು ನೆನಪಾಗಿ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಲೋಟ ತುಂಬಿಸಿದ, ಅರ್ಧ ಕುಡಿದ.

ಹೊರಗೆ ಇಲಾಖೆಯ ಜೀಪಿನ ಹಾರ್ನು ಕೇಳಿಸಿತು.

“ಸೀಲ, ಒಳಗೆ ಇದ್ದೀಯಾ?” ಮುಂಡಪ್ಪನ ಸ್ವರ. “ಶಿರ್ತಾಡಿ ದಾರಿಯಲ್ಲಿ ಲೈನಿನ ಮೇಲೆ ಮರ ಬಿದ್ದಿದೆ. ಇನ್ನೊಬ್ಬನಿಗೆ ಜ್ವರ. ನಿನಗೆ ರಜೆ ಅಂತ ಗೊತ್ತುಂಟು, ಆದ್ರೂ ಬಾ, ಹೋಗುವ.”

ಸೀಲಣ್ಣ ಅರ್ಧ ಲೋಟವನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕಿದ. ಬಾಯಿಗೆ ಹಾಕಿಕೊಳ್ಳಲು ಒಂದು ಏಲಕ್ಕಿಯೂ ಇರಲಿಲ್ಲ. ಜೀಪಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು, ಮಳೆಯ ನೆಪದಲ್ಲಿ ಮುಖಕ್ಕೆ ಟವೆಲು ಸುತ್ತಿಕೊಂಡ. ದಾರಿಯುದ್ದಕ್ಕೂ ಮುಂಡಪ್ಪ ಮಾತಾಡುತ್ತಲೇ ಇದ್ದ. ಸೀಲಣ್ಣ ಹೂಂ ಎನ್ನಲೂ ಬಾಯಿ ತೆರೆಯಲಿಲ್ಲ. ಅರ್ಧ ಲೋಟ ಏನು ಮಹಾ, ಕೈ ನಡುಗುತ್ತಿಲ್ಲ, ಕಣ್ಣು ಸರಿ ಇದೆ, ಹತ್ತಿ ಇಳಿಯಲು ಕಾಲು ಗಂಟೆ ಎಂದು ಮನಸ್ಸಿನಲ್ಲೇ ವಾದ ಹೂಡಿದ. ಕುಡಿದವನ ಲೆಕ್ಕ ಯಾವತ್ತೂ ಸರಿಯಾಗಿಯೇ ಇರುತ್ತದೆ.

ಸ್ಥಳಕ್ಕೆ ಬಂದಾಗ ಮಳೆ ಸ್ವಲ್ಪ ಕಡಿಮೆಯಾಗಿತ್ತು. ಊರಿನವರು ಮರ ಕಡಿದು ಬದಿಗೆ ಎಳೆದಿದ್ದರು. ತಂತಿ ಒಂದು ಕಂಬದಿಂದ ಕಳಚಿ ಜೋತು ಬಿದ್ದಿತ್ತು. ಸ್ವಿಚ್ಚಿನ ಕಂಬ ರಸ್ತೆಯ ತಿರುವಿನ ಆಚೆ ಇತ್ತು, ಇಲ್ಲಿಂದ ಕಾಣುತ್ತಿರಲಿಲ್ಲ. ಮುಂಡಪ್ಪ ಎಂದಿನಂತೆ ಕೊಡೆ ಹಿಡಿದು ಆ ಕಡೆ ಹೋದ. ಸೀಲಣ್ಣ ಏಣಿ ಇಟ್ಟು ಕಾದ.

“ಆಯ್ತು” ಎಂಬ ಕೂಗು ಕೇಳಿತು.

ಸೀಲಣ್ಣ ಹತ್ತಿದ. ಬೆಲ್ಟು ಕಂಬಕ್ಕೆ ಸುತ್ತಿ ಕೊಕ್ಕೆ ಹಾಕಿ, ಹಿಂದಕ್ಕೆ ಒರಗಿ ಎರಡೂ ಕೈ ಬಿಟ್ಟ. ತಂತಿ ಒಂದು ಮೊಳ ದೂರದಲ್ಲಿತ್ತು. ಕೈ ಚಾಚಿದವನು ಅಲ್ಲಿಯೇ ನಿಂತ.

ಅವನಿಗೆ ಹೊಳೆದದ್ದು ಬಹಳ ಸಣ್ಣ ಸಂಗತಿ, ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ಹೊಳೆಯದೆ ಇದ್ದದ್ದು. ಆ ಕೂಗನ್ನು ತಾನು ಯಾಕೆ ನಂಬುತ್ತೇನೆ? ನೂರಾರು ಸಲ ಮುಂಡಪ್ಪ “ಆಯ್ತು” ಎಂದಿದ್ದಾನೆ, ನೂರಾರು ಸಲ ತಾನು ಹಿಂದೆಮುಂದೆ ನೋಡದೆ ತಂತಿಗೆ ಕೈ ಹಾಕಿದ್ದೇನೆ. ತನ್ನ ಒಂದು ಸುಳ್ಳು ಕೂಗಿನಿಂದ ಬೆರಳು ಕಳೆದುಕೊಂಡವನು ಅವನು. ಒಂದು ದಿನ ಅವನೂ ಕೂಗಿ ಹ್ಯಾಂಡಲ್ಲು ಎಳೆಯದೆ ಇದ್ದಿದ್ದರೆ ಯಾರು ಕೇಳುತ್ತಿದ್ದರು? ವಾಪಸ್ ಕರೆಂಟು ಬಂತು ಎಂದರೆ ಮುಗಿಯಿತು. ಆದರೂ ತಾನು ಬದುಕಿದ್ದೇನೆ. ತಾನು ಊರೂರಿಗೆ ಹೋಗಿ ಗೆದ್ದ ಕಥೆ ಹೇಳುತ್ತಿದ್ದಾಗಲೆಲ್ಲ, ತಾನು ನೋಯಿಸಿದ ಒಬ್ಬ ಮನುಷ್ಯ ತಿರುವಿನ ಆಚೆ, ಮಳೆಯಲ್ಲಿ, ಹ್ಯಾಂಡಲ್ಲು ಹಿಡಿದು ಕೂತಿದ್ದ.

ಮುಂಡಪ್ಪನ ಜೊತೆಗೆ ಕ್ರಿಸ್ತನೂ ನೆನಪಾದ. ಅವನೂ ತಾನು ನೋಯಿಸಿದವನೇ, ತನ್ನನ್ನು ಹಿಡಿದಿದ್ದವನೇ. ಹಿಡಿದಿದ್ದಾನೆ ಎಂಬುದನ್ನು ಮರೆತು, ನಿಂತಿರುವುದು ತಾನೇ ಎಂದುಕೊಂಡ ಎಷ್ಟೋ ವರ್ಷಗಳು ನೆನಪಾದವು. ಕಂಬದ ಮೇಲೆ ಸೀಲಣ್ಣ ಅತ್ತ. “ಯೇಸುವೇ, ನನ್ನ ಕೈಯಲ್ಲಿ ಆಗುದಿಲ್ಲ” ಎಂದ. ಆರು ವರ್ಷದ ನಂತರ ಬಾಯಿಗೆ ಬಂದ ಆ ಮಾತು ಅವನಿಗೇ ಹೊಸದಾಗಿ ಕೇಳಿಸಿತು. ತಂತಿ ಮುಟ್ಟದೆ ಅವನು ಒಂದೊಂದೇ ಮೆಟ್ಟಿಲು ಇಳಿದ. ಊರಿನವರು “ಎಂತಾಯ್ತು, ಎಂತಾಯ್ತು” ಎಂದು ಕೇಳುತ್ತಿದ್ದರು. ಅವನು ತಿರುವಿನ ಆಚೆಗೆ ನಡೆದ.

ಮುಂಡಪ್ಪ ಕಂಬದ ಬುಡದಲ್ಲಿ ಕಲ್ಲಿನ ಮೇಲೆ ಕೂತಿದ್ದ, ಬೆನ್ನು ಹ್ಯಾಂಡಲ್ಲಿಗೆ ತಾಗಿಸಿ. ಹ್ಯಾಂಡಲ್ಲು ಕೆಳಗಿತ್ತು. ಅದರ ತೂತಿನಲ್ಲಿ ಒಂದು ಹಿತ್ತಾಳೆಯ ಬೀಗ ಜಡಿದಿತ್ತು.

“ಇಷ್ಟು ಬೇಗ ಆಯ್ತಾ?” ಎಂದು ಕೇಳಿದ ಮುಂಡಪ್ಪ.

“ಆಗಲಿಲ್ಲ. ಮುಂಡಪ್ಪ, ನಾನು ಕುಡಿದಿದ್ದೇನೆ.”

ಮುಂಡಪ್ಪ ತಲೆಯೆತ್ತಿದ. “ಈಗ?”

“ಈಗ. ಚರ್ಚಿನಲ್ಲಿ. ಹೋದ ತಿಂಗಳೂ, ಅದರ ಹಿಂದಿನ ತಿಂಗಳೂ. ನಿನಗೆ ಹೇಳದೆ ಮೇಲೆ ಹತ್ತಿದೆ.”

ಬೈಗುಳಕ್ಕೆ ಸೀಲಣ್ಣ ಸಿದ್ಧನಾಗಿ ನಿಂತಿದ್ದ. ಮುಂಡಪ್ಪ ಬೈಯಲಿಲ್ಲ. ಬದಿಗೆ ಸರಿದು ಕಲ್ಲಿನ ಮೇಲೆ ಜಾಗ ಮಾಡಿದ. “ಕೂತುಕೋ. ಇವತ್ತು ನೀನು ಹತ್ತುದು ಬೇಡ. ಆಫೀಸಿಗೆ ಫೋನು ಮಾಡಿಸಿ ಬೇರೆಯವನನ್ನು ಕರೆಸುವ. ಊರಿಗೆ ಎರಡು ಗಂಟೆ ಕರೆಂಟು ಇಲ್ಲದಿದ್ರೆ ಯಾರೂ ಸಾಯುದಿಲ್ಲ.”

ಸೀಲಣ್ಣನ ಕಣ್ಣು ಬೀಗದ ಮೇಲಿತ್ತು. “ಇದು ಎಂತ?”

“ಬೀಗ.”

“ಅದು ಗೊತ್ತಾಯ್ತು ಮಾರಾಯ. ಯಾವಾಗಿಂದ ಹಾಕ್ತೀ?”

“ಆಸ್ಪತ್ರೆಯಿಂದ ಬಂದ ಮೇಲೆ ನನ್ನ ದುಡ್ಡಲ್ಲಿ ತಗೊಂಡದ್ದು. ನೀನು ಮೇಲಿರುವಾಗ ದಾರಿಯಲ್ಲಿ ಹೋಗುವವ ಯಾರಾದ್ರೂ ಬಂದು ಹ್ಯಾಂಡಲ್ಲು ಎತ್ತಿದ್ರೆ? ನನಗೇ ಒಂದು ಗಳಿಗೆ ತಲೆ ಕೆಟ್ಟು ಎತ್ತಿದ್ರೆ? ಅದಕ್ಕೆ ಬೀಗ ಹಾಕಿ, ಕೀಯನ್ನು ಅಂಗಿಯ ಒಳಜೇಬಿಗೆ ಹಾಕಿ, ಗುಂಡಿ ಹಾಕಿಕೊಳ್ತೇನೆ. ನೀನು ಇಳಿದು ಬಂದು ನನ್ನ ಕಣ್ಣಿಗೆ ಕಾಣುವವರೆಗೆ ತೆಗೆಯುದಿಲ್ಲ.”

“ನಾನು ನಿನಗೆ ಅಷ್ಟು ಮಾಡಿದ ಮೇಲೂ?”

ಮುಂಡಪ್ಪ ಎಡಗೈಯನ್ನು ಒಮ್ಮೆ ನೋಡಿಕೊಂಡ. “ಬಿದ್ದವನಿಗೆ ಗೊತ್ತು ಬೀಳುದು ಅಂದ್ರೆ ಎಂತ ಅಂತ. ಇನ್ನೊಬ್ಬ ಬೀಳುದು ಬೇಡ” ಎಂದ. ಮತ್ತೆ, “ನನ್ನ ಬೆರಳಿನ ಕಥೆ ಉಜಿರೆಯಲ್ಲಿ ಬಹಳ ಚಂದ ಹೇಳಿದೆಯಂತೆ. ಈ ಬೀಗದ ಕಥೆ ನಿನಗೆ ಗೊತ್ತಿರಲಿಲ್ಲ” ಎಂದ. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಸೀಲಣ್ಣನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

ಸಂಜೆ ಅವನು ವೆಸ್ಟ್ರಿಗೆ ಒಬ್ಬನೇ ಹೋಗಲಿಲ್ಲ. ಹೊಸ ಅಯ್ಯನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಕಪಾಟು ತೆರೆದು ತೋರಿಸಿದ. ಅಯ್ಯನವರಿಗೆ ಮೂವತ್ತು ವರ್ಷವೂ ಆಗಿರಲಿಲ್ಲ. ಲೋಟವನ್ನು ನೋಡಿ ಅವರ ಮುಖ ಬಿಳಿಚಿತು. ಅವರೇ ಅದನ್ನು ಎತ್ತಿಕೊಂಡು ಹೋಗಿ ದಾಸವಾಳದ ಬುಡಕ್ಕೆ ಚೆಲ್ಲಿ ಬಂದರು.

“ನಾಳೆ ಸಾಕ್ಷಿ ಬೇಡ ಸೀಲಣ್ಣ. ಬೆಳ್ತಂಗಡಿಯವರಿಗೆ ನಾನು ಏನಾದರೂ ಹೇಳ್ತೇನೆ. ನಿಮಗೆ ಆರೋಗ್ಯ ಸರಿ ಇಲ್ಲ ಅಂತ.”

“ಬೇಡ ಅಯ್ಯನವರೇ. ನಾಳೆ ಮುಚ್ಚಿಟ್ಟರೆ ಮುಂದಿನ ತಿಂಗಳು ಇನ್ನೂ ಚಂದ ಮುಚ್ಚಿಡ್ಲಿಕ್ಕೆ ಕಲೀತೇನೆ. ನನಗೆ ನನ್ನ ಗುರ್ತ ಉಂಟು.”

ಮನೆಗೆ ಬಂದು ಸುಗಂಧಿಗೆ ಹೇಳಿದ. ಅವಳು ಬೀಡಿ ಎಲೆ ಕತ್ತರಿಸುತ್ತಿದ್ದಳು, ಕತ್ತರಿ ನಿಲ್ಲಿಸಲಿಲ್ಲ. “ಜೂನಿನಲ್ಲೇ ವಾಸನೆ ಬಂದಿತ್ತು” ಎಂದಳು. ಕತ್ತರಿಸಿದ ಎಲೆ ಬದಿಗಿಟ್ಟು, “ಕೀ ಕೊಟ್ಟ ದಿನವೇ ನಾನು ಎದ್ದು ನಿಂತು ಬೇಡ ಹೇಳ್ಬೇಕಿತ್ತು. ನನಗೂ ಊರಿನವರ ಎದುರು ನಿಮ್ಮ ಹೆಸರು ದೊಡ್ಡದಾಗಲಿ ಅಂತ ಇತ್ತು” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಭಾನುವಾರ ಚರ್ಚು ತುಂಬಿತ್ತು. ಸೀಲಣ್ಣ ಎದ್ದು ಮುಂದೆ ಹೋದ. ಹನ್ನೊಂದು ವರ್ಷ ಕೇಳಿದ್ದ ಜನ ಅಳಲು ಸಿದ್ಧರಾಗಿ ಕೂತಿದ್ದರು. ಮೊದಲ ವರ್ಷದಂತೆ ಮಾತು ತೊದಲಿತು.

“ನಾನು ಕುಡಿತ ಬಿಟ್ಟು ಹನ್ನೆರಡು ವರ್ಷ ಅಂತ ನೀವೆಲ್ಲ ತಿಳಿದಿದ್ದೀರಿ. ನಿನ್ನೆ ಈ ವೆಸ್ಟ್ರಿಯಲ್ಲಿ ನಾನು ಕುಡಿದೆ. ಮೇ ತಿಂಗಳಿಂದ ಕುಡಿಯುತ್ತಿದ್ದೇನೆ. ಕರ್ತನ ಭೋಜನಕ್ಕೆ ಇಟ್ಟದ್ದನ್ನೇ.”

ಅವನು ಮುಂದಿನ ಸಾಲಿನ ಕಡೆಗೆ ತಿರುಗಿದ.

“ಕ್ರಿಸ್ತ ನನ್ನನ್ನು ಬಿಟ್ಟದ್ದಲ್ಲ. ನಾನು ಕೇಳುದನ್ನು ಬಿಟ್ಟೆ. ನನಗೆ ಈಗ ಬಲ ಬಂದಿದೆ ಅಂತ ಅಂದುಕೊಂಡೆ. ನನಗೆ ಬಲ ಬಂದದ್ದೇ ಇಲ್ಲ. ಮೊದಲ ದಿನ ಎಷ್ಟು ಇತ್ತೋ ಇವತ್ತೂ ಅಷ್ಟೇ ಉಂಟು. ಎಸ್ತೇರ್ ಬಾಯಿ, ಈ ಕೀ ನನ್ನ ಹತ್ತಿರ ಇರಬಾರದು.”

ಅವನು ಉಡಿದಾರದಿಂದ ಕೀ ಬಿಚ್ಚಿ ಮುಂದಿನ ಸಾಲಿನಲ್ಲಿದ್ದ ಎಸ್ತೇರ್ ಬಾಯಿಯ ಮುಂದೆ ಹಿಡಿದ. ಅವರು ಕೂಡಲೇ ಕೈ ಚಾಚಲಿಲ್ಲ. ಎಪ್ಪತ್ತು ದಾಟಿದ ಆ ಹೆಂಗಸು ಕೀಯನ್ನೇ ನೋಡುತ್ತಿದ್ದರು. ಸಿಟ್ಟೋ ದುಃಖವೋ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಕೀ ತೆಗೆದುಕೊಂಡು ಚೀಲಕ್ಕೆ ಹಾಕಿ, ಚೀಲದ ಬಾಯಿಯನ್ನು ಎರಡು ಸಲ ಎಳೆದು ಕಟ್ಟಿದರು. ಬೆಳ್ತಂಗಡಿಯಿಂದ ಬಂದವರಲ್ಲಿ ಇಬ್ಬರು ಎದ್ದು ಹೊರಗೆ ಹೋದರು.

ಭೋಜನದ ಹೊತ್ತಿಗೆ ಸೀಲಣ್ಣ ಹಿಂದಿನ ಬೆಂಚಿನಲ್ಲೇ ಉಳಿದ. ಅಯ್ಯನವರು ಅವನ ಹೆಸರು ಹಿಡಿದು ಕರೆದರು. ಅವನು ಹೋಗಿ ಮೊಣಕಾಲೂರಿದ, ಸುಗಂಧಿ ಬಂದು ಪಕ್ಕದಲ್ಲಿ ಊರಿದಳು. ರೊಟ್ಟಿಯ ತುಂಡು ಅಂಗೈಗೆ ಬಿತ್ತು. ಗ್ಲಾಸುಗಳ ಟ್ರೇ ಬಂದಾಗ ಅವನು ತಲೆಯಾಡಿಸಿದ. ಟ್ರೇ ಸುಗಂಧಿಯ ಮುಂದೆ ಹೋಯಿತು. ಅವಳೂ ತಲೆಯಾಡಿಸಿದಳು.

ಆಗಸ್ಟ್ ತಿಂಗಳ ಮೊದಲ ಭಾನುವಾರ ಎಸ್ತೇರ್ ಬಾಯಿ ಬೆಳಿಗ್ಗೆ ಏಳು ಗಂಟೆಗೆ ಮುಚ್ಚಳವಿದ್ದ ಒಂದು ಪಾತ್ರೆ ಹಿಡಿದು ಚರ್ಚಿಗೆ ಬಂದರು. ಅದರಲ್ಲಿ ಅಂದೇ ಹಿಂಡಿದ ಕಪ್ಪು ದ್ರಾಕ್ಷಿಯ ರಸ ಇತ್ತು. “ಮಧ್ಯಾಹ್ನದೊಳಗೆ ಹುಳಿ ಬರ್ತದೆ, ಬೇಗ ಮುಗಿಸಿ” ಎಂದು ಅಯ್ಯನವರಿಗೆ ಗದರಿದರು. ಅರವತ್ತು ಗ್ಲಾಸಿಗೂ ಅದನ್ನೇ ತುಂಬಿಸಿದರು. ರುಚಿ ಸಪ್ಪೆ, ಮೊದಲಿನ ಹಾಗೆ ಇಲ್ಲ ಎಂದು ಒಂದು ವರ್ಷ ಜನ ಗೊಣಗಿದರು. ಅವರ ಮನೆಯ ಭರಣಿಯಲ್ಲಿ ಮುಂದೆ ಮಾವಿನಮಿಡಿ ಹಾಕಿದರಂತೆ.

ಸೀಲಣ್ಣನನ್ನು ಆಮೇಲೆ ಯಾವ ಮನೆಕೂಟಕ್ಕೂ ಸಾಕ್ಷಿಗೆ ಕರೆಯಲಿಲ್ಲ. ಅವನಿಗೆ ನಿಜವಾದ ನಂಬಿಕೆ ಮೊದಲಿಂದಲೂ ಇರಲಿಲ್ಲ ಎಂದವರೂ ಇದ್ದರು. ಅದು ಅವನ ಕಿವಿಗೂ ಬಿತ್ತು, ನೋವೂ ಆಯಿತು. ಕೆಲವು ಸಂಜೆಗಳು ಮೊದಲಿಗಿಂತ ಕಠಿಣವಾಗಿದ್ದವು. ಒಂದೊಂದು ದಿನ ಬೆಳಿಗ್ಗೆ ಕೇಳಿದ್ದು ಸಾಲದೆ ಕಂಬದ ಬುಡದಲ್ಲಿ, ಬಸ್ಸಿನ ಮೆಟ್ಟಿಲ ಮೇಲೆ, ಊಟದ ತಟ್ಟೆಯ ಮುಂದೆ ಮತ್ತೆ ಮತ್ತೆ ಕೇಳಬೇಕಾಗುತ್ತಿತ್ತು. ಕೇಳಿದ. 2007ರಲ್ಲಿ ಸರಕಾರ ಸಾರಾಯಿ ನಿಲ್ಲಿಸಿ ಆ ಗಡಂಗು ಮುಚ್ಚಿದಾಗ, ಇನ್ನು ನಿಮಗೆ ಆರಾಮ ಎಂದು ಯಾರೋ ಹೇಳಿದರು. ನಾಲ್ಕು ಅಂಗಡಿ ಆಚೆ ಬಾರು ತೆರೆದಿತ್ತು.

2008ರಲ್ಲಿ ಅವನು ನಿವೃತ್ತನಾದ. ಆಫೀಸಿನಲ್ಲಿ ಹಾರ ಹಾಕಿ, ಉಪ್ಪಿಟ್ಟು, ಚಾ ಕೊಟ್ಟು ಕಳುಹಿಸುವ ಕಾರ್ಯಕ್ರಮ. ಹೊಸದಾಗಿ ಬಂದಿದ್ದ ಇಂಜಿನಿಯರಿಗೆ ಹಳೆಯ ಕಥೆ ಅರ್ಧಂಬರ್ಧ ಗೊತ್ತಿತ್ತು. ಮೆಚ್ಚುಗೆಯಿಂದಲೇ ಕೇಳಿದ.

“ಸೀಲಣ್ಣ, ನೀವು ಕುಡಿತ ಬಿಟ್ಟು ಎಷ್ಟು ವರ್ಷ ಆಯ್ತು?”

“ಇವತ್ತು ಬೆಳಿಗ್ಗೆ ಬಿಟ್ಟದ್ದು ಸರ್” ಎಂದ ಸೀಲಣ್ಣ.

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಮೂಲೆಯಲ್ಲಿ ಚಾ ಕುಡಿಯುತ್ತಿದ್ದ ಮುಂಡಪ್ಪ ನಗಲಿಲ್ಲ. ಅಂಗಿಯ ಒಳಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಬಸ್‌ಸ್ಟ್ಯಾಂಡಿನವರೆಗೆ ನಡೆದರು. ಹಾರ ಹಾಕಿಕೊಂಡೇ ಬರುತ್ತಿದ್ದ ಸೀಲಣ್ಣನನ್ನು ದೂರದಿಂದ ನೋಡಿದ ಇದಿನಬ್ಬ, ಏನೂ ಕೇಳದೆ, ಲಿಂಬೆ ಕೊಯ್ಯಲು ಶುರುಮಾಡಿದ.